ಗ್ರಾಮ ಪಂಚಾಯಿತಿ ಗಣಕಯಂತ್ರದ ಪೂರ್ವಸಿದ್ಧತೆ: ಪೂರಕ ತಂತ್ರಾಂಶಗಳು ಮತ್ತು ಅವುಗಳನ್ನು ಅಳವಡಿಸುವ ಕ್ರಮ

ಅಧ್ಯಯನ ಪಾಠ – ಗ್ರಾಮ ಪಂಚಾಯಿತಿಯ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಗಮನಕ್ಕೆ

ಪಾಠದ ಉದ್ದೇಶ: ಈ ಪಾಠವನ್ನು ಓದಿದ ಸದಸ್ಯರು (1) ಗಣಕಯಂತ್ರವನ್ನು ಖರೀದಿಸುವುದಕ್ಕೂ ಅದನ್ನು ಕೆಲಸಕ್ಕೆ ಸಿದ್ಧಗೊಳಿಸುವುದಕ್ಕೂ ಇರುವ ವ್ಯತ್ಯಾಸವನ್ನು ತಿಳಿಯುವರು, (2) ಡಿಜಿಟಲ್ ಸಹಿ ಮಾಡಲು ಬೇಕಾಗುವ ಪೂರಕ ತಂತ್ರಾಂಶಗಳನ್ನೂ ಅವುಗಳ ಅನುಕ್ರಮವನ್ನೂ ಅರಿಯುವರು, (3) ‘ಸಿದ್ಧತಾ ವಹಿ’ಯನ್ನು ತೆರೆಯಿಸಿ ಸಾಮಾನ್ಯ ಸಭೆಯಲ್ಲಿ ಪರಿಶೀಲಿಸಲು ಶಕ್ತರಾಗುವರು.

1. ಪೀಠಿಕೆ

ಹೂವಿನ ಹಡಗಲಿ ತಾಲ್ಲೂಕಿನ ಹಿರೇಹಡಗಲಿ ಹೋಬಳಿಯ ಯಾವುದೇ ಗ್ರಾಮದಿಂದ ಒಬ್ಬ ರೈತ ಮಹಿಳೆ ಪಂಚಾಯಿತಿ ಕಚೇರಿಗೆ ಬಂದಿರುವಳೆಂದು ಭಾವಿಸೋಣ. ಆಕೆಗೆ ಬೇಕಾಗಿರುವುದು ತನ್ನ ಮನೆಯ ನಮೂನೆ 9 ಮತ್ತು ನಮೂನೆ 11. ಮಗಳ ವಿದ್ಯಾಭ್ಯಾಸಕ್ಕೆ ಬ್ಯಾಂಕಿನಲ್ಲಿ ಸಾಲ ಕೇಳಿದ್ದಾಳೆ. ಅಡಮಾನಕ್ಕೆ ಇ-ಸ್ವತ್ತು ತಂತ್ರಾಂಶದಿಂದ ಹೊರಡುವ, ಡಿಜಿಟಲ್ ಸಹಿಯಿರುವ ದಾಖಲೆಯನ್ನೇ ಬ್ಯಾಂಕು ಕೇಳಿದೆ. ಸ್ಥಳ ಪರಿಶೀಲನೆ ಮುಗಿದಿದೆ, ತೆರಿಗೆ ಪಾವತಿಯಾಗಿದೆ, ಕಡತದಲ್ಲಿ ಕೊರತೆಯಿಲ್ಲ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯು ಡೊಂಗಲನ್ನು ಗಣಕಯಂತ್ರಕ್ಕೆ ಸಿಕ್ಕಿಸಿ ಸಹಿಯ ಗುಂಡಿಯನ್ನು ಒತ್ತುತ್ತಾರೆ. ಪರದೆಯ ಮೇಲೆ ‘ಪ್ರಮಾಣಪತ್ರ ಕಂಡುಬಂದಿಲ್ಲ’ ಎಂಬ ಅರ್ಥದ ಇಂಗ್ಲಿಷ್ ಸಾಲು ಮೂಡುತ್ತದೆ. ಎರಡನೆಯ ಸಲವೂ ಅದೇ, ಮೂರನೆಯ ಸಲವೂ ಅದೇ. ‘ಸರ್ವರ್ ಇಲ್ಲ, ನಾಳೆ ಬಾರವ್ವ’ ಎಂಬ ಉತ್ತರವನ್ನು ಪಡೆದು ಆಕೆ ಊರಿನ ಬಸ್ಸು ಹಿಡಿಯುತ್ತಾಳೆ.

ಇಲ್ಲಿ ಸರ್ವರಿನ ದೋಷವಿಲ್ಲ. ಅಂತರ್ಜಾಲವೂ ಇದೆ, ವಿದ್ಯುತ್ತೂ ಇದೆ. ಹಿಂದಿನ ವಾರ ಗಣಕಯಂತ್ರವನ್ನು ದುರಸ್ತಿಗೆ ಕೊಟ್ಟಾಗ ಅದರ ಕಾರ್ಯಾಚರಣಾ ವ್ಯವಸ್ಥೆಯನ್ನು, ಅಂದರೆ ವಿಂಡೋಸ್ ಅನ್ನು, ಹೊಸದಾಗಿ ಹಾಕಲಾಗಿದೆ. ಆಗ ಡೊಂಗಲಿನ ಚಾಲಕ ತಂತ್ರಾಂಶ ಅಳಿಸಿಹೋಗಿದೆ. ಅದನ್ನು ಮರಳಿ ಅಳವಡಿಸಬೇಕೆಂಬುದು ಯಾರಿಗೂ ನೆನಪಾಗಿಲ್ಲ. ಅಳವಡಿಸಲು ತಿಳಿದಿದ್ದ ಸಿಬ್ಬಂದಿ ಬೇರೆ ಪಂಚಾಯಿತಿಗೆ ಹೋಗಿದ್ದಾರೆ. ಹತ್ತು ನಿಮಿಷದ ಕೆಲಸವೊಂದು ಬಾಕಿ ಉಳಿದ ಕಾರಣ ಒಂದು ಕುಟುಂಬದ ಸಾಲ ನಿಂತಿದೆ.

ಇಂತಹ ತಡೆಗೆ ಕಾನೂನಿನ ಪರಿಣಾಮವೂ ಉಂಟು. 2011ರ ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮದ ಅಡಿಯಲ್ಲಿ ಅಧಿಸೂಚಿತ ಸೇವೆ ನಿಗದಿತ ಅವಧಿ ಮೀರಿದರೆ, ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಯವರೆಗೆ ಪರಿಹಾರ ವೆಚ್ಚವನ್ನು ಕೇಳುವ ಹಕ್ಕು ಅರ್ಜಿದಾರರಿಗಿದೆ. ‘ಗಣಕಯಂತ್ರ ಸಿದ್ಧವಿರಲಿಲ್ಲ’ ಎಂಬುದು ಅರ್ಜಿದಾರರ ತಪ್ಪಲ್ಲ. ಆದುದರಿಂದ ಸಿದ್ಧತೆಯ ವಿಷಯವು ಆಪರೇಟರ್ ಒಬ್ಬರ ಕೋಣೆಯೊಳಗಿನ ಮಾತಾಗಿ ಉಳಿಯದೆ ಸಭೆಯ ವಿಷಯವಾಗಬೇಕು.

2. ಪೂರಕ ತಂತ್ರಾಂಶವೆಂದರೇನು?

ಈ ಭಾಗದ ರೈತನು ಜೋಳ ಬಿತ್ತುವ ಮುನ್ನ ಹೊಲವನ್ನು ಹರಗಿ, ಕಸ ಆಯ್ದು, ಹದ ನೋಡಿ, ಆಮೇಲೆ ಕೂರಿಗೆ ಹೂಡುತ್ತಾನೆ. ಬೀಜ ಎಷ್ಟೇ ಉತ್ತಮವಾಗಿದ್ದರೂ ಹರಗದ ಹೊಲದಲ್ಲಿ ಅದು ಸರಿಯಾಗಿ ನಾಟುವುದಿಲ್ಲ. ಹಾಗೆಯೇ ಪ್ರತಿಯೊಂದು ತಂತ್ರಾಂಶವೂ ತನಗಿಂತ ಮೊದಲು ಗಣಕಯಂತ್ರದಲ್ಲಿ ಇರಲೇಬೇಕಾದ ಬೇರೆ ಕೆಲವು ತಂತ್ರಾಂಶಗಳನ್ನು ನಂಬಿಕೊಂಡಿರುತ್ತದೆ. ಇವನ್ನು ತಂತ್ರಜ್ಞರು ‘ಡಿಪೆಂಡೆನ್ಸಿ’ ಎನ್ನುತ್ತಾರೆ. ಈ ಪಾಠದಲ್ಲಿ ‘ಪೂರಕ ತಂತ್ರಾಂಶ’ ಎಂಬ ಪದವನ್ನು ಬಳಸಲಾಗಿದೆ.

ಪೂರಕ ತಂತ್ರಾಂಶವು ಗಾತ್ರದಲ್ಲಿ ಚಿಕ್ಕದೆಂದು ಅದನ್ನು ಅಲಕ್ಷಿಸುವಂತಿಲ್ಲ. 2016ರ ಮಾರ್ಚ್ ತಿಂಗಳಲ್ಲಿ ಕೇವಲ 11 ಸಾಲುಗಳ ‘ಲೆಫ್ಟ್-ಪ್ಯಾಡ್’ ಎಂಬ ಪೂರಕ ತಂತ್ರಾಂಶವನ್ನು ಅದರ ಕರ್ತೃವು ಸಾರ್ವಜನಿಕ ಸಂಗ್ರಹದಿಂದ ಹಿಂತೆಗೆದುಕೊಂಡರು. ಅಕ್ಷರಗಳ ಎಡಕ್ಕೆ ಖಾಲಿ ಜಾಗ ಅಥವಾ ಸೊನ್ನೆಗಳನ್ನು ತುಂಬುವುದಷ್ಟೇ ಅದರ ಕೆಲಸ. ಆದರೆ ಅದನ್ನು ನೇರವಾಗಿಯೋ ಪರೋಕ್ಷವಾಗಿಯೋ ಅವಲಂಬಿಸಿದ್ದ ಅನೇಕ ತಂತ್ರಾಂಶಗಳನ್ನು ಕಟ್ಟುವ ಕೆಲಸ ಜಗತ್ತಿನ ನಾನಾ ಕಡೆಗಳಲ್ಲಿ ಏಕಕಾಲಕ್ಕೆ ನಿಂತುಹೋಯಿತು. ಅದನ್ನು ಸಂಗ್ರಹಕ್ಕೆ ಮರಳಿ ಸೇರಿಸಿದ ಮೇಲೆಯೇ ಕೆಲಸ ಮುಂದುವರಿಯಿತು. ದೊಡ್ಡ ಸಂಸ್ಥೆಗಳ ನುರಿತ ಎಂಜಿನಿಯರುಗಳಿಗೂ ತಾವು ಯಾವ ಯಾವ ಪೂರಕಗಳನ್ನು ನಂಬಿದ್ದೇವೆಂಬ ಪಟ್ಟಿ ಕೈಯಲ್ಲಿರಬೇಕೆಂಬುದು ಆಗ ಮನವರಿಕೆಯಾಯಿತು. ಪಂಚಾಯಿತಿಗೂ ಅಂತಹ ಒಂದು ಪಟ್ಟಿ ಅಗತ್ಯ.

ಹಿರೇಹಡಗಲಿಯ ಕಲ್ಲೇಶ್ವರ ದೇವಾಲಯವು ಕಲ್ಯಾಣದ ಚಾಲುಕ್ಯರ ಕಾಲದ 11ನೇ ಶತಮಾನದ ಕಟ್ಟಡ. ನೋಡುಗರ ಕಣ್ಣು ಗೋಡೆಯ ಕೆತ್ತನೆಯ ಮೇಲೆ ನಿಲ್ಲುತ್ತದೆ. ಆ ಗೋಡೆಯ ಭಾರವನ್ನು ಹೊತ್ತ ಅಧಿಷ್ಠಾನವನ್ನು ಗಮನಿಸುವವರು ಕಡಿಮೆ. ಪಂಚತಂತ್ರ, ಇ-ಸ್ವತ್ತು, ಇ-ಗ್ರಾಮ ಸ್ವರಾಜ್ ಇವು ಕಣ್ಣಿಗೆ ಕಾಣುವ ಗೋಡೆಗಳು. ಕಾರ್ಯಾಚರಣಾ ವ್ಯವಸ್ಥೆ, ಚಾಲಕ ತಂತ್ರಾಂಶ, ಜಾವಾ, ಸಹಿ ತಂತ್ರಾಂಶ, ಕನ್ನಡ ಅಕ್ಷರ ವ್ಯವಸ್ಥೆ ಇವು ಅಧಿಷ್ಠಾನದ ಪದರಗಳು.

3. ನಿನ್ನೆ ನಡೆದ ಕೆಲಸ ಇಂದು ಏಕೆ ನಿಲ್ಲುತ್ತದೆ?

‘ಯಾರೂ ಏನೂ ಮುಟ್ಟಿಲ್ಲ, ಆದರೂ ನಿಂತಿದೆ’ ಎಂಬ ಮಾತು ಕಚೇರಿಗಳಲ್ಲಿ ಕೇಳಿಬರುವುದು ಸಾಮಾನ್ಯ. ಮುಟ್ಟದಿದ್ದರೂ ಸುತ್ತಲಿನ ವ್ಯವಸ್ಥೆ ಬದಲಾಗುತ್ತದೆ. ಇದಕ್ಕೆ ನಾಲ್ಕು ನಿದರ್ಶನಗಳನ್ನು ಗಮನಿಸಬಹುದು.

ಮೊದಲನೆಯದು ಬ್ರೌಸರ್. ಹಿಂದೆ ಡಿಜಿಟಲ್ ಸಹಿಯ ಕೆಲಸವನ್ನು ಬ್ರೌಸರಿನೊಳಗೇ ಓಡುವ ಜಾವಾ ಕಿರುತಂತ್ರಾಂಶಗಳು ಮಾಡುತ್ತಿದ್ದವು. ಸುರಕ್ಷತೆಯ ಕಾರಣದಿಂದ 2015ರಲ್ಲಿ ಗೂಗಲ್ ಕ್ರೋಮ್, 2017ರಲ್ಲಿ ಫೈರ್‌ಫಾಕ್ಸ್ ಆ ಅವಕಾಶವನ್ನು ತೆಗೆದುಹಾಕಿದವು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2022ರ ಜೂನ್ 15ರಂದು ನಿವೃತ್ತಿಗೊಳಿಸಿತು. ಅಂದಿನಿಂದ ಬ್ರೌಸರಿನ ಹೊರಗೆ, ಗಣಕಯಂತ್ರದಲ್ಲಿಯೇ ಪ್ರತ್ಯೇಕವಾಗಿ ಓಡುವ ಸಹಿ ತಂತ್ರಾಂಶ ಅಗತ್ಯವಾಯಿತು.

ಎರಡನೆಯದು ಕಾರ್ಯಾಚರಣಾ ವ್ಯವಸ್ಥೆ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಕೊನೆಗೊಂಡಿತು. ಬೆಂಬಲ ಕೊನೆಗೊಂಡ ದಿನವೇ ಯಂತ್ರ ನಿಲ್ಲುವುದಿಲ್ಲ. ಆದರೆ ಹೊಸ ರಕ್ಷಣಾ ಪರಿಷ್ಕರಣೆಗಳು ಬರುವುದು ನಿಲ್ಲುತ್ತದೆ. ಕಾಲಕ್ರಮದಲ್ಲಿ ಹೊಸ ಬ್ರೌಸರು, ಹೊಸ ಸಹಿ ತಂತ್ರಾಂಶಗಳು ಅದರ ಮೇಲೆ ನಡೆಯದಂತಾಗುತ್ತವೆ.

ಮೂರನೆಯದು ಪ್ರಮಾಣಪತ್ರದ ಅವಧಿ. ಡಿಜಿಟಲ್ ಸಹಿ ಪ್ರಮಾಣಪತ್ರವು ಗರಿಷ್ಠ 3 ವರ್ಷಗಳ ಅವಧಿಯದು. ಅವಧಿ ಮುಗಿದ ಮರುದಿನ ಡೊಂಗಲ್ ಇದ್ದರೂ ಸಹಿ ಆಗುವುದಿಲ್ಲ. 2021ರ ಜನವರಿ 1ರಿಂದ 2ನೇ ದರ್ಜೆಯ ಪ್ರಮಾಣಪತ್ರಗಳನ್ನು ನೀಡುವುದು ನಿಂತಿದ್ದು, 3ನೇ ದರ್ಜೆಯದನ್ನೇ ಪಡೆಯಬೇಕಾಗಿದೆ.

ನಾಲ್ಕನೆಯದು ಗಡಿಯಾರ. ಇದು ಅತ್ಯಂತ ಚಿಕ್ಕ ಕಾರಣ, ಅತ್ಯಂತ ಹೆಚ್ಚು ದಾರಿತಪ್ಪಿಸುವ ಕಾರಣವೂ ಹೌದು. ಗಣಕಯಂತ್ರದ ಮುಖ್ಯ ಫಲಕದಲ್ಲಿ ನಾಣ್ಯದ ಆಕಾರದ 3 ವೋಲ್ಟಿನ ಒಂದು ಬ್ಯಾಟರಿ ಇರುತ್ತದೆ. ಯಂತ್ರ ಆಫ್ ಆಗಿದ್ದಾಗಲೂ ದಿನಾಂಕ ಮತ್ತು ಸಮಯವನ್ನು ಕಾಯುವುದು ಅದೇ. ಅದು ಬತ್ತಿದರೆ ಪ್ರತಿದಿನ ಬೆಳಿಗ್ಗೆ ಯಂತ್ರವು ಹಲವು ವರ್ಷ ಹಿಂದಿನ ದಿನಾಂಕವನ್ನು ತೋರಿಸುತ್ತದೆ. ಸುರಕ್ಷಿತ ಜಾಲತಾಣವೊಂದನ್ನು ತೆರೆಯುವಾಗ ಬ್ರೌಸರು ಆ ತಾಣದ ಪ್ರಮಾಣಪತ್ರ ಇಂದು ಚಾಲ್ತಿಯಲ್ಲಿದೆಯೇ ಎಂದು ಗಣಕಯಂತ್ರದ ಗಡಿಯಾರವನ್ನೇ ನೋಡಿ ನಿರ್ಧರಿಸುತ್ತದೆ. ಗಡಿಯಾರ ತಪ್ಪಿದ್ದರೆ ಸರಿಯಾದ ಸರ್ಕಾರಿ ತಾಣವನ್ನೂ ಅಸುರಕ್ಷಿತವೆಂದು ತಡೆಯುತ್ತದೆ. ಅಲ್ಪ ಬೆಲೆಯ ಬ್ಯಾಟರಿಯೊಂದು ಇಡೀ ಕಚೇರಿಯ ಸೇವೆಯನ್ನು ನಿಲ್ಲಿಸುವುದು ಹೀಗೆ.

4. ಸಿದ್ಧತೆಯ ಅನುಕ್ರಮ

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಪಾಲಿಸುವುದು ಸೂಕ್ತ. ಒಂದು ಹಂತ ಸರಿಯಾಗಿದೆಯೆಂದು ಪರೀಕ್ಷಿಸಿದ ನಂತರವೇ ಮುಂದಿನ ಹಂತಕ್ಕೆ ಹೋಗತಕ್ಕದ್ದು. ಎಲ್ಲವನ್ನೂ ಒಮ್ಮೆಗೇ ಹಾಕಿ ಕೊನೆಯಲ್ಲಿ ಪರೀಕ್ಷಿಸಿದರೆ ದೋಷ ಯಾವ ಪದರದಲ್ಲಿದೆಯೆಂದು ತಿಳಿಯುವುದು ಕಷ್ಟವಾಗುತ್ತದೆ.

ಹಂತ 1 – ವಿದ್ಯುತ್ತು: ಕಚೇರಿಯ ಭೂಸಂಪರ್ಕ, ಅಂದರೆ ಅರ್ಥಿಂಗ್, ಸರಿಯಿದೆಯೇ ಎಂದು ವಿದ್ಯುತ್ ಕೆಲಸಗಾರರಿಂದ ಪರೀಕ್ಷಿಸಬೇಕು. ಯುಪಿಎಸ್ ಬ್ಯಾಟರಿ ಎಷ್ಟು ನಿಮಿಷ ತಡೆಯುತ್ತದೆಂದು ಅಳೆದು ಬರೆದಿಡಬೇಕು. ತಂತ್ರಾಂಶ ಪರಿಷ್ಕರಣೆಯ ನಡುವೆ ವಿದ್ಯುತ್ ಹೋದರೆ ಕಾರ್ಯಾಚರಣಾ ವ್ಯವಸ್ಥೆಯೇ ಕೆಡುವ ಸಂಭವವಿದೆ. ಬೇಸಿಗೆಯ ಬಿಸಿ ಮತ್ತು ಧೂಳು ಹೆಚ್ಚಿರುವ ಈ ಭಾಗದಲ್ಲಿ ಯಂತ್ರದೊಳಗಿನ ಫ್ಯಾನಿನ ಧೂಳನ್ನು ಆಗಾಗ ತೆಗೆಯಿಸಬೇಕು.

ಹಂತ 2 – ಯಂತ್ರದ ವಿವರ: ತಯಾರಕರ ಹೆಸರು, ಖರೀದಿಯ ದಿನಾಂಕ, ರ‍್ಯಾಮ್ ಪ್ರಮಾಣ, ಡಿಸ್ಕಿನ ಗಾತ್ರ, ವಿಂಡೋಸ್ ಆವೃತ್ತಿ ಇವುಗಳ ಜೊತೆಗೆ ವ್ಯವಸ್ಥೆಯು 32 ಬಿಟ್ಟಿನದೋ 64 ಬಿಟ್ಟಿನದೋ ಎಂಬುದನ್ನೂ ಬರೆದುಕೊಳ್ಳಬೇಕು. ಮುಂದಿನ ತಂತ್ರಾಂಶಗಳ ಆಯ್ಕೆ ಈ ವಿವರವನ್ನೇ ಅವಲಂಬಿಸಿದೆ.

ಹಂತ 3 – ಪ್ರತಿ ತೆಗೆದಿಡುವುದು: ವಿಂಡೋಸ್ ಮರುಸ್ಥಾಪಿಸುವ ಮುನ್ನ ಸಭಾ ನಡವಳಿ, ಕ್ರಿಯಾಯೋಜನೆ, ಫಲಾನುಭವಿಗಳ ಪಟ್ಟಿ, ಪತ್ರವ್ಯವಹಾರ, ಕಾಮಗಾರಿಗಳ ಛಾಯಾಚಿತ್ರ ಇವೆಲ್ಲವನ್ನೂ ಬೇರೆ ಡಿಸ್ಕಿಗೆ ನಕಲಿಸಿ, ನಕಲು ತೆರೆದುಕೊಳ್ಳುತ್ತದೆಯೇ ಎಂದು ನೋಡಬೇಕು. ಪಂಚತಂತ್ರದಲ್ಲಿ ನಮೂದಾದ ದತ್ತಾಂಶವು ಸರ್ವರಿನಲ್ಲಿ ಉಳಿದಿರುತ್ತದೆ. ಆದರೆ ಕಚೇರಿಯ ಡಿಸ್ಕಿನಲ್ಲಿ ಮಾತ್ರ ಇದ್ದ ಕಡತ ಅಳಿಸಿದರೆ ಹೋಯಿತು.

ಹಂತ 4 – ಕಾರ್ಯಾಚರಣಾ ವ್ಯವಸ್ಥೆ: ಪರವಾನಗಿ ಪಡೆದ ಪ್ರತಿಯನ್ನೇ ಬಳಸತಕ್ಕದ್ದು. ಕದ್ದ ಪ್ರತಿಗಳನ್ನು ಚಾಲನೆಗೊಳಿಸುವ ಸಾಧನಗಳ ಜೊತೆಯಲ್ಲಿಯೇ ದುರುದ್ದೇಶದ ತಂತ್ರಾಂಶಗಳು ಒಳಸೇರುವ ಅಪಾಯವಿದೆ. ಹಣ ಪಾವತಿಸುವ ಯಂತ್ರದಲ್ಲಿ ಅದಕ್ಕೆ ಆಸ್ಪದ ಕೂಡದು. ಅಳವಡಿಸಿದ ನಂತರ ಬಾಕಿಯಿರುವ ಪರಿಷ್ಕರಣೆಗಳನ್ನು ಪೂರ್ಣಗೊಳಿಸಿ, ದಿನಾಂಕ, ಸಮಯ ಮತ್ತು ಭಾರತೀಯ ಕಾಲವಲಯವನ್ನು ಸರಿಪಡಿಸಬೇಕು. ತಂತ್ರಾಂಶ ಅಳವಡಿಸಲು ಒಂದು ಆಡಳಿತ ಖಾತೆ, ನಿತ್ಯದ ಕೆಲಸಕ್ಕೆ ಒಂದು ಸಾಮಾನ್ಯ ಖಾತೆ ಹೀಗೆ ಎರಡು ಬಳಕೆದಾರ ಖಾತೆಗಳಿರುವುದು ಸುರಕ್ಷಿತ.

ಹಂತ 5 – ಕನ್ನಡ: ಯುನಿಕೋಡ್ ಕನ್ನಡದಲ್ಲಿಯೇ ನಮೂದು ಮಾಡತಕ್ಕದ್ದು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದಲ್ಲಿ ಹಳೆಯ ಸಂಕೇತ ವ್ಯವಸ್ಥೆ ಮತ್ತು ಯುನಿಕೋಡ್ ಎರಡರ ಬಳಕೆಯೂ ರೂಢಿಯಲ್ಲಿದೆ. ಹಳೆಯ ವ್ಯವಸ್ಥೆಯಲ್ಲಿ ಬೆರಳಚ್ಚಾದ ‘ಹನುಮಂತಪ್ಪ’ ಎಂಬ ಹೆಸರು ಪರದೆಯಲ್ಲಿ ಸರಿಯಾಗಿಯೇ ಕಂಡರೂ, ಯುನಿಕೋಡಿನಲ್ಲಿ ಹುಡುಕಿದಾಗ ಸಿಗುವುದಿಲ್ಲ. ಬೇರೆ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತದೆ. ಒತ್ತಕ್ಷರಗಳು ಪರದೆಯಲ್ಲಿಯೂ ಮುದ್ರಣದಲ್ಲಿಯೂ ಒಡೆಯದೆ ಬರುತ್ತವೆಯೇ ಎಂಬುದನ್ನು ‘ಕೊಟ್ಟೂರು’, ‘ಹಗರಿಬೊಮ್ಮನಹಳ್ಳಿ’, ‘ಗ್ರಾಮಸ್ಥರು’ ಎಂಬಂತಹ ಪದಗಳನ್ನು ಮುದ್ರಿಸಿ ಪರೀಕ್ಷಿಸಬಹುದು. ಹೆಸರಿನಲ್ಲಿ ಒಂದು ಒತ್ತು ತಪ್ಪಿದರೂ ನೋಂದಣಿ ಕಚೇರಿಯಲ್ಲಿ, ಬ್ಯಾಂಕಿನಲ್ಲಿ ಅರ್ಜಿದಾರರು ಅಲೆಯಬೇಕಾಗುತ್ತದೆ.

ಹಂತ 6 – ಡೊಂಗಲ್ ಚಾಲಕ: ಡೊಂಗಲ್ ತಯಾರಿಸುವ ಕಂಪನಿಗಳು ಹಲವು. ಪ್ರತಿಯೊಂದಕ್ಕೂ ಅದರದೇ ಚಾಲಕ ತಂತ್ರಾಂಶವಿದೆ. ಒಂದರದು ಮತ್ತೊಂದಕ್ಕೆ ಹೊಂದುವುದಿಲ್ಲ. ಡೊಂಗಲಿನ ಮೇಲೆ ಮುದ್ರಿತವಾದ ಹೆಸರನ್ನು ನೋಡಿ, ಅದನ್ನು ನೀಡಿದ ಪ್ರಮಾಣೀಕರಣ ಸಂಸ್ಥೆ ಅಥವಾ ತಯಾರಕರ ಅಧಿಕೃತ ತಾಣದಿಂದಲೇ ಚಾಲಕವನ್ನು ಪಡೆಯಬೇಕು. ಅಧ್ಯಕ್ಷರ ಡೊಂಗಲ್ ಒಂದು ಕಂಪನಿಯದು, ಅಭಿವೃದ್ಧಿ ಅಧಿಕಾರಿಯ ಡೊಂಗಲ್ ಮತ್ತೊಂದು ಕಂಪನಿಯದು ಆಗಿದ್ದರೆ ಎರಡು ಚಾಲಕಗಳೂ ಬೇಕು. ಅಳವಡಿಸಿದ ನಂತರ ಡೊಂಗಲಿನ ಒಳಗಿನ ಪ್ರಮಾಣಪತ್ರ, ಅದರ ಹೆಸರು ಮತ್ತು ಮುಕ್ತಾಯದ ದಿನಾಂಕ ಪರದೆಯಲ್ಲಿ ಕಾಣಬೇಕು. ಇದು ಕಾಣದೆ ಮುಂದಿನ ಹಂತಕ್ಕೆ ಹೋಗುವುದು ವ್ಯರ್ಥ.

ಹಂತ 7 – ಜಾವಾ: ಕೆಲವು ಸಹಿ ತಂತ್ರಾಂಶಗಳು ಜಾವಾ ಪರಿಸರದ ಮೇಲೆ ಓಡುತ್ತವೆ. ಆಯಾ ತಂತ್ರಾಂಶದ ಕೈಪಿಡಿಯಲ್ಲಿ ಯಾವ ಆವೃತ್ತಿಯನ್ನು ಹೇಳಿದೆಯೋ ಅದನ್ನೇ ಹಾಕಬೇಕು. ‘ಹೊಸದು ಎಂದರೆ ಉತ್ತಮ’ ಎಂಬ ಎಣಿಕೆ ಇಲ್ಲಿ ಸಲ್ಲದು. 8ನೇ ಆವೃತ್ತಿಯನ್ನು ನಂಬಿ ಬರೆದ ತಂತ್ರಾಂಶ ಹೊಸ ಆವೃತ್ತಿಯ ಮೇಲೆ ಓಡದಿರಬಹುದು. 64 ಬಿಟ್ಟಿನ ಜಾವಾ 32 ಬಿಟ್ಟಿನ ಚಾಲಕದ ಕಡತವನ್ನು ಓದಲಾರದು. ಆದ್ದರಿಂದ ಎರಡೂ ಒಂದೇ ಬಗೆಯವಾಗಿರಬೇಕು. ಹಂತ 2ರ ವಿವರ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ.

ಹಂತ 8 – ಸಹಿ ತಂತ್ರಾಂಶ: ಇದು ಬ್ರೌಸರಿಗೂ ಡೊಂಗಲಿಗೂ ನಡುವಿನ ದೂತ. ಜಾಲತಾಣವು ಸಹಿ ಕೇಳಿದಾಗ ಬ್ರೌಸರು ಈ ತಂತ್ರಾಂಶಕ್ಕೆ ತಿಳಿಸುತ್ತದೆ. ಅದು ಡೊಂಗಲಿಗೆ ತಲುಪಿಸಿ, ಸಹಿಯನ್ನು ಹಿಂದಿರುಗಿಸುತ್ತದೆ. ಗಣಕಯಂತ್ರ ಆರಂಭವಾದಾಗ ಈ ತಂತ್ರಾಂಶವೂ ಆರಂಭವಾಗಿರಬೇಕು. ವೈರಾಣು ನಿರೋಧಕ ತಂತ್ರಾಂಶವು ಇದನ್ನು ಅಪರಿಚಿತವೆಂದು ತಡೆಯುವುದುಂಟು. ಆಗ ವೈರಾಣು ನಿರೋಧಕವನ್ನೇ ತೆಗೆದುಹಾಕುವುದು ಸರಿಯಲ್ಲ. ಈ ಒಂದು ತಂತ್ರಾಂಶಕ್ಕೆ ಮಾತ್ರ ಅನುಮತಿ ನೀಡಬೇಕು.

ಹಂತ 9 – ಬ್ರೌಸರ್, ಮುದ್ರಕ, ಸ್ಕ್ಯಾನರ್: ಸರ್ಕಾರಿ ತಾಣಗಳಿಗೆ ಪಾಪ್-ಅಪ್ ಅನುಮತಿ ನೀಡಿ, ವಿಳಾಸವನ್ನು ಒಮ್ಮೆ ಸರಿಯಾಗಿ ಟೈಪಿಸಿ ಉಳಿಸಿಕೊಳ್ಳಬೇಕು. ಪ್ರತಿಸಲ ಹುಡುಕಾಟದಿಂದ ಹೋಗುವುದು ನಕಲಿ ತಾಣಕ್ಕೆ ದಾರಿ ಮಾಡಿಕೊಡಬಹುದು. ಮುದ್ರಕ ಮತ್ತು ಸ್ಕ್ಯಾನರಿನ ಚಾಲಕಗಳನ್ನು ಕೊನೆಯಲ್ಲಿ ಹಾಕಿ ಪರೀಕ್ಷಿಸಬೇಕು.

ಹಂತ 10 – ಪೂರ್ಣ ಪರೀಕ್ಷೆ: ಕಡತವೊಂದನ್ನು ಆರಂಭದಿಂದ ಸಹಿಯವರೆಗೆ, ಸಹಿಯಿಂದ ಮುದ್ರಣದವರೆಗೆ ನಡೆಸಿ ನೋಡಬೇಕು. ಪಿನ್ ಸಂಖ್ಯೆಯನ್ನು ಎಚ್ಚರದಿಂದ ನಮೂದಿಸಬೇಕು. ನಿಗದಿತ ಸಂಖ್ಯೆಯಷ್ಟು ಸಲ ತಪ್ಪಿದರೆ ಡೊಂಗಲ್ ಬೀಗ ಹಾಕಿಕೊಳ್ಳುತ್ತದೆ. ಅದನ್ನು ತೆರೆಯಿಸುವವರೆಗೆ ಸಹಿಯ ಕೆಲಸವೆಲ್ಲ ನಿಲ್ಲುತ್ತದೆ.

5. ದೋಷವನ್ನು ಹುಡುಕುವ ಬಗೆ

ಪರದೆಯ ಮೇಲೆ ಕಾಣುವ ದೋಷ ಸಂದೇಶವು ಮೇಲಿನ ಪದರದ ಮಾತು. ಕಾರಣವು ಕೆಳಗಿನ ಪದರದಲ್ಲಿರಬಹುದು. ನಲ್ಲಿಯಲ್ಲಿ ನೀರು ಬಾರದಿದ್ದರೆ ಅನುಭವಿ ನೀರಗಂಟಿ ಮೊದಲು ನಲ್ಲಿಯನ್ನು ಬಿಚ್ಚುವುದಿಲ್ಲ. ಪಂಪು ಓಡುತ್ತಿದೆಯೇ, ಟ್ಯಾಂಕಿನಲ್ಲಿ ನೀರಿದೆಯೇ, ವಾಲ್ವು ತೆರೆದಿದೆಯೇ ಎಂದು ಮೂಲದಿಂದ ನೋಡುತ್ತಾ ಬರುತ್ತಾನೆ. ಅದೇ ವಿಧಾನ ಇಲ್ಲಿಯೂ ಅನ್ವಯಿಸುತ್ತದೆ.

ಸಹಿ ಆಗದಿದ್ದಾಗ ಕೇಳಬೇಕಾದ ಪ್ರಶ್ನೆಗಳ ಕ್ರಮ ಹೀಗಿದೆ: ದಿನಾಂಕ ಮತ್ತು ಸಮಯ ಸರಿಯಿದೆಯೇ? ಬೇರೆ ಸುರಕ್ಷಿತ ತಾಣಗಳು ತೆರೆಯುತ್ತಿವೆಯೇ? ಡೊಂಗಲಿನ ದೀಪ ಉರಿಯುತ್ತಿದೆಯೇ? ಮತ್ತೊಂದು ಯುಎಸ್‌ಬಿ ಕಿಂಡಿಯಲ್ಲಿ ಹಾಕಿದರೆ ಏನಾಗುತ್ತದೆ? ಚಾಲಕದಲ್ಲಿ ಪ್ರಮಾಣಪತ್ರ ಕಾಣುತ್ತದೆಯೇ? ಅದರ ಅವಧಿ ಉಳಿದಿದೆಯೇ? ಸಹಿ ತಂತ್ರಾಂಶ ಚಾಲನೆಯಲ್ಲಿದೆಯೇ? ಇಷ್ಟೂ ಸರಿಯಿದ್ದು, ಪಕ್ಕದ ಪಂಚಾಯಿತಿಯಲ್ಲಿಯೂ ಅದೇ ತೊಂದರೆಯಿದ್ದರೆ ಮಾತ್ರ ‘ಸರ್ವರ್ ತೊಂದರೆ’ ಎಂಬ ತೀರ್ಮಾನಕ್ಕೆ ಬರುವುದು ನ್ಯಾಯ. ಆಗ ದೋಷ ಸಂದೇಶದ ಚಿತ್ರ, ದಿನಾಂಕ ಮತ್ತು ಸಮಯದ ಸಹಿತ ತಾಲ್ಲೂಕು ಪಂಚಾಯಿತಿಗೆ ವರದಿ ಮಾಡತಕ್ಕದ್ದು. ಅರ್ಜಿದಾರರಿಗೂ ನಿಜವಾದ ಕಾರಣವನ್ನೇ ಹೇಳಬೇಕು. ಮತ್ತೆ ಬರಬೇಕಾದ ದಿನವನ್ನು ಅಂದಾಜಿನಲ್ಲಿ ಹೇಳಿ ಅವರ ಒಂದು ದಿನದ ಕೂಲಿಯನ್ನು ಕಳೆಯಬಾರದು.

6. ಡೊಂಗಲ್ ಮತ್ತು ಹೊಣೆಗಾರಿಕೆ

ಯಂತ್ರ ಸಿದ್ಧವಾದ ಮೇಲೆ ಉಳಿಯುವ ಪ್ರಶ್ನೆ ಡೊಂಗಲ್ ಯಾರ ಕೈಯಲ್ಲಿರಬೇಕೆಂಬುದು. ಡೊಂಗಲಿನೊಳಗೆ ಸಹಿದಾರರ ಖಾಸಗಿ ಕೀಲಿ ಇದೆ. ದಾಖಲೆಯ ಸಾರಸಂಖ್ಯೆಗೆ ಡೊಂಗಲಿನೊಳಗೇ ಸಹಿ ಬೀಳುತ್ತದೆ. ಕೀಲಿಯು ಹೊರಗೆ ಬರುವುದಿಲ್ಲ. ಹೀಗಾಗಿ ಡೊಂಗಲ್ ಮತ್ತು ಪಿನ್ ಎರಡೂ ಯಾರ ಬಳಿ ಇವೆಯೋ ಅವರು ಹಾಕಿದ ಸಹಿಯು ದಾಖಲೆಯಲ್ಲಿ ಸಹಿದಾರರ ಸಹಿಯಾಗಿಯೇ ಉಳಿಯುತ್ತದೆ.

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000 ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ನೀಡಿದೆ. ಅದರ 42ನೇ ಪ್ರಕರಣದಂತೆ ಖಾಸಗಿ ಕೀಲಿಯನ್ನು ತನ್ನ ನಿಯಂತ್ರಣದಲ್ಲಿ ಇಟ್ಟುಕೊಳ್ಳಲು ಸೂಕ್ತ ಎಚ್ಚರಿಕೆ ವಹಿಸುವುದು ಪ್ರಮಾಣಪತ್ರ ಪಡೆದವರ ಕರ್ತವ್ಯ. ಅನ್ಯರ ವಿದ್ಯುನ್ಮಾನ ಸಹಿ ಅಥವಾ ಗುಪ್ತಪದವನ್ನು ವಂಚನೆಯಿಂದ ಬಳಸಿದವರಿಗೆ 66-ಸಿ ಪ್ರಕರಣದಡಿ 3 ವರ್ಷಗಳವರೆಗೆ ಕಾರಾವಾಸ ಹಾಗೂ 1 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು.

ಕೇಂದ್ರ ಸರ್ಕಾರವು 2020ರ ಏಪ್ರಿಲ್ 24ರಂದು, ರಾಷ್ಟ್ರೀಯ ಪಂಚಾಯತ್ ರಾಜ್ ದಿನದಂದು, ಇ-ಗ್ರಾಮ ಸ್ವರಾಜ್ ಅನ್ನು ಆರಂಭಿಸಿತು. ಹಣಕಾಸು ಆಯೋಗದ ಅನುದಾನದ ವಿದ್ಯುನ್ಮಾನ ಪಾವತಿಯಲ್ಲಿ ಇಬ್ಬರ ಅನುಮೋದನೆ ಇರಿಸಿರುವುದರ ಉದ್ದೇಶ ಒಂದೇ: ಒಬ್ಬರು ಸಿದ್ಧಪಡಿಸಿದ್ದನ್ನು ಮತ್ತೊಬ್ಬರು ನೋಡಿ ಒಪ್ಪಬೇಕು. ಎರಡೂ ಡೊಂಗಲುಗಳು ಒಂದೇ ಮೇಜಿನ ಡ್ರಾದಲ್ಲಿದ್ದು, ಎರಡೂ ಪಿನ್‌ಗಳು ಪರದೆಯ ಅಂಚಿನ ಚೀಟಿಯ ಮೇಲಿದ್ದರೆ ಈ ತತ್ತ್ವವೇ ನಿರರ್ಥಕವಾಗುತ್ತದೆ. ವಿಶೇಷವಾಗಿ ಮೊದಲ ಬಾರಿಗೆ ಆಯ್ಕೆಯಾದ ಅಧ್ಯಕ್ಷರಿಗೆ, ಅವರಲ್ಲಿಯೂ ಮಹಿಳಾ ಅಧ್ಯಕ್ಷರಿಗೆ, ‘ನಿಮಗೇಕೆ ತೊಂದರೆ, ಡೊಂಗಲ್ ಇಲ್ಲೇ ಇರಲಿ’ ಎಂಬ ಸಲಹೆ ಮನೆಯವರಿಂದಲೋ ಕಚೇರಿಯಿಂದಲೋ ಬಂದರೆ ಅದನ್ನು ಒಪ್ಪತಕ್ಕದ್ದಲ್ಲ. ಪಾವತಿಯ ವಿವರವನ್ನು ಓದಿಸಿಕೊಂಡು, ಸಭೆಯ ಠರಾವಿನೊಂದಿಗೆ ತಾಳೆ ನೋಡಿ, ಸ್ವತಃ ಪಿನ್ ನಮೂದಿಸಿ, ಡೊಂಗಲನ್ನು ಹಿಂದಕ್ಕೆ ಪಡೆಯುವುದು ಅಧ್ಯಕ್ಷರ ಹಕ್ಕೂ ಹೌದು, ರಕ್ಷಣೆಯೂ ಹೌದು.

ದೂರದಿಂದ ಯಂತ್ರವನ್ನು ನಿಯಂತ್ರಿಸುವ ತಂತ್ರಾಂಶದ ಮೂಲಕ ದುರಸ್ತಿ ಮಾಡಿಸುವಾಗ ಡೊಂಗಲನ್ನು ತೆಗೆದಿಟ್ಟಿರಬೇಕು. ದುರಸ್ತಿ ಮುಗಿಯುವವರೆಗೆ ಸಿಬ್ಬಂದಿಯೊಬ್ಬರು ಪರದೆಯ ಮುಂದೆ ಇರಬೇಕು. ಮುಗಿದ ತಕ್ಷಣ ಆ ಸಂಪರ್ಕವನ್ನು ಕಡಿಯಬೇಕು.

7. ಸಿದ್ಧತಾ ವಹಿ

ಮೇಲೆ ಹೇಳಿದ ಹತ್ತು ಹಂತಗಳ ಜ್ಞಾನವು ಸಾಮಾನ್ಯವಾಗಿ ಒಬ್ಬ ಡಾಟಾ ಎಂಟ್ರಿ ಆಪರೇಟರ್ ಅವರ ನೆನಪಿನಲ್ಲಿರುತ್ತದೆ. ಅವರು ರಜೆಯಲ್ಲಿದ್ದರೆ, ಬೇರೆಡೆಗೆ ಹೋದರೆ ಪಂಚಾಯಿತಿಯು ಮೊದಲಿನಿಂದ ಕಲಿಯಬೇಕಾಗುತ್ತದೆ. ಬೋರ್‌ವೆಲ್ ಕೊರೆಸಿದಾಗ ಎಷ್ಟು ಅಡಿಗೆ ನೀರು ಬಂತು, ಎಷ್ಟು ಪೈಪು ಇಳಿಸಲಾಯಿತು, ಪಂಪಿನ ಸಾಮರ್ಥ್ಯವೇನು ಎಂಬುದನ್ನು ಬರೆದಿಡುವಂತೆ ಗಣಕಯಂತ್ರದ ಸಿದ್ಧತೆಯನ್ನೂ ಬರೆದಿಡಬೇಕು. ಯಂತ್ರವು ಹೇಗೆ ಪಂಚಾಯಿತಿಯ ಸ್ವತ್ತೋ, ಅದನ್ನು ಸಿದ್ಧಗೊಳಿಸುವ ಜ್ಞಾನವೂ ಹಾಗೆಯೇ ಪಂಚಾಯಿತಿಯ ಸ್ವತ್ತು.

ನೂರು ಪುಟದ ಒಂದು ವಹಿ ಸಾಕು. ಪ್ರತಿ ಯಂತ್ರಕ್ಕೆ ಎರಡು ಪುಟಗಳನ್ನು ಮೀಸಲಿಟ್ಟು ಈ ಅಂಶಗಳನ್ನು ನಮೂದಿಸಬಹುದು: ಯಂತ್ರದ ವಿವರ ಮತ್ತು ದಾಸ್ತಾನು ವಹಿಯ ಕ್ರಮಸಂಖ್ಯೆ, ವಿಂಡೋಸ್ ಆವೃತ್ತಿ ಮತ್ತು ಅಳವಡಿಸಿದ ದಿನಾಂಕ, ಡೊಂಗಲ್ ಕಂಪನಿ, ಚಾಲಕದ ಆವೃತ್ತಿ, ಪ್ರಮಾಣಪತ್ರದ ಮುಕ್ತಾಯ ದಿನಾಂಕ, ಜಾವಾ ಮತ್ತು ಸಹಿ ತಂತ್ರಾಂಶದ ಆವೃತ್ತಿ, ಯುಪಿಎಸ್ ಬ್ಯಾಟರಿ ಬದಲಿಸಿದ ದಿನಾಂಕ, ಪ್ರತಿ ತೆಗೆದ ದಿನಾಂಕ, ಕಂಡುಬಂದ ದೋಷ, ಅದರ ಕಾರಣ, ಪರಿಹರಿಸಿದ ಬಗೆ ಮತ್ತು ಪರಿಹರಿಸಿದವರ ಸಹಿ. ಅಳವಡಿಸಲು ಬಳಸಿದ ಕಡತಗಳನ್ನು ಇದೇ ಕ್ರಮದಲ್ಲಿ 1, 2, 3 ಎಂದು ಸಂಖ್ಯೆ ಹಾಕಿ ಒಂದು ಪೆನ್‌ಡ್ರೈವ್‌ನಲ್ಲಿ ಇಟ್ಟರೆ ಅಂತರ್ಜಾಲವಿಲ್ಲದ ದಿನವೂ ಸಿದ್ಧತೆಯ ಬಹುಪಾಲನ್ನು ಮುಗಿಸಬಹುದು. ಪಿನ್ ಮತ್ತು ಗುಪ್ತಪದಗಳನ್ನು ಮಾತ್ರ ಈ ವಹಿಯಲ್ಲಿ ಎಂದಿಗೂ ಬರೆಯತಕ್ಕದ್ದಲ್ಲ.

ವಹಿ ಸರಿಯಾಗಿದೆಯೇ ಎಂದು ತಿಳಿಯಲು ಸರಳ ಪರೀಕ್ಷೆಯೊಂದಿದೆ. ಎಂದೂ ಈ ಕೆಲಸ ಮಾಡದ ಸಿಬ್ಬಂದಿಯೊಬ್ಬರು, ಉದಾಹರಣೆಗೆ ಕರ ವಸೂಲಿಗಾರರು, ವಹಿಯನ್ನು ನೋಡಿಕೊಂಡು ಹಂತ ಹಂತವಾಗಿ ಯಂತ್ರವನ್ನು ಪರಿಶೀಲಿಸಲಿ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ಬರವಣಿಗೆ ಸಾಲದೆಂದು ಅರ್ಥ.

8. ಖರೀದಿ ಮತ್ತು ಆಯವ್ಯಯ

ವಿಂಡೋಸ್ 11 ಅಳವಡಿಸಲು ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್ ಮತ್ತು ಟಿಪಿಎಂ 2.0 ಎಂಬ ಸುರಕ್ಷತಾ ಘಟಕ ಇರಬೇಕೆಂಬ ನಿಯಮವಿದೆ. ಹಳೆಯ ಯಂತ್ರಗಳಲ್ಲಿ ಕೆಲವು ಈ ಅರ್ಹತೆಯನ್ನು ಪಡೆಯಲಾರವು. ಯಾವ ಯಂತ್ರವನ್ನು ಮೇಲ್ದರ್ಜೆಗೆ ಏರಿಸಬಹುದು, ಯಾವುದನ್ನು ಬದಲಿಸಬೇಕು ಎಂಬ ಪಟ್ಟಿಯನ್ನು ಆಯವ್ಯಯ ಸಭೆಗೆ ಮುನ್ನವೇ ಸಿದ್ಧಪಡಿಸಬೇಕು.

ಅಂದಾಜುಪಟ್ಟಿಯಲ್ಲಿ ಯಂತ್ರದ ಬೆಲೆಯನ್ನಷ್ಟೇ ತೋರಿಸಿದರೆ ಸಾಲದು. ಪರವಾನಗಿಯಿರುವ ಕಾರ್ಯಾಚರಣಾ ವ್ಯವಸ್ಥೆ, ಯುಪಿಎಸ್ ಮತ್ತು ಅದರ ಬ್ಯಾಟರಿ, ಅರ್ಥಿಂಗ್, ಪ್ರತಿ ತೆಗೆಯುವ ಡಿಸ್ಕ್, ವಾರ್ಷಿಕ ನಿರ್ವಹಣೆ, ಡಿಜಿಟಲ್ ಸಹಿ ಪ್ರಮಾಣಪತ್ರದ ನವೀಕರಣ ಇವುಗಳಿಗೂ ಮೊತ್ತ ಇರಿಸಬೇಕು. ಖರೀದಿಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಮತ್ತು ಅದರ ನಿಯಮಗಳಿಗೆ ಒಳಪಟ್ಟಿರಬೇಕು. ಸರಬರಾಜುದಾರರ ಬಿಲ್ಲನ್ನು ಪಾಸು ಮಾಡುವ ಮುನ್ನ ಯಂತ್ರವು ಹಂತ 10ರ ಪೂರ್ಣ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆಯೆಂಬ ನಮೂದು ಸಿದ್ಧತಾ ವಹಿಯಲ್ಲಿ ಇರುವಂತೆ ಸಭೆಯು ಠರಾವು ಮಾಡಬಹುದು. ಪೆಟ್ಟಿಗೆ ಬಂದಿತೆಂದರೆ ಸೇವೆ ಬಂದಿತೆಂದು ಭಾವಿಸುವ ರೂಢಿ ಇದರಿಂದ ತಪ್ಪುತ್ತದೆ.

9. ಸದಸ್ಯರು ಕೈಗೊಳ್ಳಬಹುದಾದ ಕ್ರಮ

ಚಾಲಕ ತಂತ್ರಾಂಶವನ್ನು ಅಳವಡಿಸುವುದು ಸದಸ್ಯರ ಕೆಲಸವಲ್ಲ. ಅದು ಅಳವಟ್ಟಿದೆಯೇ ಎಂದು ಕೇಳುವುದು ಅವರ ಕೆಲಸ. ಆ ಪ್ರಶ್ನೆಯನ್ನು ಕೇಳಲು ಗಣಕಯಂತ್ರದ ವಿದ್ಯೆ ಬೇಕಿಲ್ಲ. ವಹಿಯ ಪುಟ ತಿರುವಿ ದಿನಾಂಕಗಳನ್ನು ನೋಡಿದರೆ ಸಾಕು. ಮುಂದಿನ ಸಾಮಾನ್ಯ ಸಭೆಯ ವಿಷಯಸೂಚಿಯಲ್ಲಿ ‘ಗಣಕಯಂತ್ರ ಸಿದ್ಧತಾ ವಹಿಯ ಪರಿಶೀಲನೆ’ ಎಂಬ ಒಂದು ವಿಷಯವನ್ನು ಸೇರಿಸುವುದು ಮೊದಲ ಹೆಜ್ಜೆ. ಪ್ರಮಾಣಪತ್ರಗಳ ಮುಕ್ತಾಯಕ್ಕೆ ಎರಡು ತಿಂಗಳು ಮುಂಚೆಯೇ ನವೀಕರಣ ಆರಂಭವಾಗುವಂತೆ ನೋಡಿಕೊಳ್ಳುವುದು ಎರಡನೆಯದು. ಅಧ್ಯಕ್ಷರ ಚುನಾವಣೆ ಅಥವಾ ಅಧಿಕಾರಿಯ ವರ್ಗಾವಣೆ ಆದಾಗ ಹೊಸ ಪ್ರಮಾಣಪತ್ರ, ಹೊಸ ಚಾಲಕ ಮತ್ತು ಪೂರ್ಣ ಪರೀಕ್ಷೆ ಒಂದೇ ವಾರದಲ್ಲಿ ಮುಗಿಯುವಂತೆ ಒತ್ತಾಯಿಸುವುದು ಮೂರನೆಯದು.

ಪೀಠಿಕೆಯಲ್ಲಿ ಹೇಳಿದ ರೈತ ಮಹಿಳೆಗೆ ಚಾಲಕ, ಜಾವಾ, ಬಿಟ್ ಎಂಬ ಪದಗಳು ತಿಳಿಯಬೇಕಿಲ್ಲ. ಸಹಿಯಾದ ಕಾಗದವು ಹೇಳಿದ ದಿನ ಆಕೆಯ ಕೈಸೇರಬೇಕು. ಆಕೆ ಬರುವ ಮುನ್ನವೇ ಯಂತ್ರವನ್ನು ಹದಗೊಳಿಸಿಟ್ಟಿರುವುದು ಪಂಚಾಯಿತಿಯ ಹೊಣೆ.

ಚರ್ಚೆಗೆ ಪ್ರಶ್ನೆಗಳು

1. ತಮ್ಮ ಪಂಚಾಯಿತಿಯಲ್ಲಿ ಅಧ್ಯಕ್ಷರ ಮತ್ತು ಅಭಿವೃದ್ಧಿ ಅಧಿಕಾರಿಯ ಡಿಜಿಟಲ್ ಸಹಿ ಪ್ರಮಾಣಪತ್ರಗಳು ಯಾವ ದಿನ ಮುಕ್ತಾಯವಾಗುತ್ತವೆ?

2. ಆಪರೇಟರ್ ಒಂದು ವಾರ ರಜೆಯಲ್ಲಿದ್ದರೆ ಸಹಿಯ ದೋಷವನ್ನು ಪರಿಶೀಲಿಸಬಲ್ಲ ಮತ್ತೊಬ್ಬ ಸಿಬ್ಬಂದಿ ಯಾರು?

3. ಕಳೆದ ಮೂರು ತಿಂಗಳಲ್ಲಿ ‘ಸರ್ವರ್ ಇಲ್ಲ’ ಎಂದು ಎಷ್ಟು ಅರ್ಜಿದಾರರನ್ನು ಹಿಂದಕ್ಕೆ ಕಳುಹಿಸಲಾಗಿದೆ? ಅವುಗಳಲ್ಲಿ ಕಚೇರಿಯ ಯಂತ್ರದ ದೋಷದಿಂದ ಆದವು ಎಷ್ಟು?

4. ಡೊಂಗಲುಗಳು ಕಚೇರಿ ಅವಧಿಯ ನಂತರ ಯಾರ ವಶದಲ್ಲಿರುತ್ತವೆ?

5. ಈ ವರ್ಷದ ಆಯವ್ಯಯದಲ್ಲಿ ಯುಪಿಎಸ್ ಬ್ಯಾಟರಿ, ಅರ್ಥಿಂಗ್ ಮತ್ತು ನಿರ್ವಹಣೆಗೆ ಮೊತ್ತ ಇರಿಸಲಾಗಿದೆಯೇ?